ಗಂಟಲು ಸುಡದ ಸ್ಕಾಚ್

ಭಾವನವರಿಗೆ ನಮಸ್ಕಾರ.

ಅಕ್ಕನನ್ನು ಮದುವೆಯಾದಾಗಿನಿಂದ ನೀವು ನನ್ನಲ್ಲಿ ಬಾಯಿಬಿಟ್ಟು ಕೇಳಿದ್ದು ಇದೊಂದೇ, ಗಂಟಲು ಸುಡದ ಸ್ಕಾಚ್. ಇವತ್ತು ಇಲ್ಲಿನ ವಿಸ್ಕಿ ಅಂಗಡಿಗೆ ಹೋಗಿದ್ದೆ. ರುಚಿ ನೋಡಿ ತಗೊಳ್ಳಿ ಅಂತ ಅಂಗಡಿಯಾಕೆ ಗ್ಲಾಸಿನಲ್ಲಿ ಒಂದು ಗುಟುಕು ಕೊಟ್ಟಳು. ಇಪ್ಪತ್ತೆರಡು ವರ್ಷ ಚಹಾ ರುಚಿ ನೋಡಿಯೇ ಸಂಬಳ ತಗೊಂಡ ಬಾಯಲ್ಲವೇ? ಸೊರ್ರನೆ ಹೀರಿ, ನಾಲಿಗೆ ಮೇಲೆ ಹೊರಳಿಸಿ, ಕೆಲಸದ ರೂಢಿಯಂತೆ ಪಕ್ಕದ ಬಕೆಟ್ಟಿಗೆ ಉಗುಳಿದೆ. ಅದು ಗಿರಾಕಿಗಳು ಕೊಡೆ ಇಡುವ ಬಕೆಟ್ಟಂತೆ. ಆಕೆ ಕೊಡೆಗಳನ್ನು ಎತ್ತಿಟ್ಟು ಇನ್ನೊಂದು ಬಾಟಲಿ ತೆಗೆದಳು.

ಮೊದಲನೆಯದು ಹಸಿ ಸೌದೆಯ ಹೊಗೆ. ಎರಡನೆಯದು ಟಿಂಚರ್. ಮೂರು, ನಾಲ್ಕು, ಐದು ಹೇಳೋ ಹಾಗಿಲ್ಲ. ಎಲ್ಲವೂ ಬಕೆಟ್ಟಿಗೆ ಹೋದವು. ಆರನೆಯದನ್ನು ಹೊರಳಿಸುತ್ತಾ ಇದ್ದೆ, ಆಕೆ ಬಕೆಟ್ ಹಿಡಿದು ನಿಂತಿದ್ದಳು. ಉಗುಳೋಣ ಅಂತ ಬಗ್ಗಿದರೆ ಬಾಯಲ್ಲಿ ಏನೂ ಇರಲಿಲ್ಲ. ಅದನ್ನೇ ಕಟ್ಟಿಸಿದೆ.

ಶೀತ ವಾಸಿಯಾಗಿದೆ, ಅಕ್ಕನಿಗೆ ಹೇಳಿ. ಕಾರ್ಡಿನಲ್ಲಿ ಜಾಗ ಮುಗೀತು. ಬಾಟಲಿಯ ಸೀಲ್ ಒಡೆದಿದ್ದರೆ ಬೇಜಾರು ಮಾಡ್ಕೋಬೇಡಿ. ಅಂಗಡಿಯಲ್ಲಿ ಉಗುಳೋದು ಮರೆತದ್ದು ಅಕಸ್ಮಾತ್ತೋ ಏನೋ ಅಂತ ರೂಮಿನಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿದೆ. ಮತ್ತೆ ಮರೆತೆ.

ನಿಮ್ಮ ಭಾವಮೈದುನ