ತೋಡು ಕ್ರಿಯಾಪದವಲ್ಲ

ಬಿಳಿಮಣ್ಣು ತೊಳೆಯುವ ಪರವಾನಗಿಗೆ ರುಜು ಹಾಕಿದ ಮಾನ್ಯರೇ,

ನಮ್ಮ ತೋಡನ್ನು ತಾವು ಕ್ರಿಯಾಪದ ಮಾಡಿಬಿಟ್ಟಿದ್ದೀರಿ. ಜನವರಿ ಒಂದನೇ ತಾರೀಖಿನಿಂದ ಅದರ ದಡದಲ್ಲಿ ಎಂಟು ತೊಟ್ಟಿ ಕಟ್ಟಿ, ಗುಡ್ಡದ ಬಿಳಿಮಣ್ಣು ತೊಳೆದು, ತೊಳೆದ ನೀರನ್ನು "ಪಕ್ಕದ ತಗ್ಗಿಗೆ" ಬಿಡಬಹುದೆಂದು ತಮ್ಮ ಅಪ್ಪಣೆಯಾಗಿದೆ. ಆ ತಗ್ಗೇ ನಮ್ಮ ತೋಡು. ಭಾಗಮಂಡಲದ ಕಡೆಯ ನಮ್ಮ ಏಳು ಮನೆಗಳಿಗೆ ಬಾವಿ ಇಲ್ಲ, ಕುಡಿಯುವುದು ಅದರ ನೀರನ್ನೇ. ಇದನ್ನು ತಮ್ಮ ಕಚೇರಿಗೆ ಕಳಿಸದೆ ಪತ್ರಿಕೆಗೆ ಏಕೆ ಕಳಿಸಿದೆ ಎಂದು ಕೇಳಬೇಡಿ. ಕಚೇರಿಗೆ ಕಳಿಸಿದರೆ ತಾವು ಓದಿಬಿಡುತ್ತೀರಿ. ಅದೇ ನನ್ನ ಭಯ.

ನಮ್ಮ ಮನವಿಯನ್ನು ಒಮ್ಮೆ ಓದಿದ್ದೀರಿ. ಅದನ್ನು ಬರೆದವಳು ನಾನು. ಮೈಸೂರಿನಲ್ಲಿ ಕಾಲೇಜಿನ ಮೊದಲ ವರ್ಷದಲ್ಲಿದ್ದೇನೆ. ಆರನೇ ವಯಸ್ಸಿನಿಂದ ಹಾಸ್ಟೆಲು, ಸಿಸ್ಟರುಗಳು, ಇಂಗ್ಲಿಷ್ ಗ್ರಾಮರು. ನನ್ನ ಕನ್ನಡ ಅರ್ಧ ಮನೆಯ ಅರೆಭಾಷೆ, ಇನ್ನರ್ಧ ಪಠ್ಯಪುಸ್ತಕ. ನಡುವೆ ಒಂದು ಸಣ್ಣ ಸಂದು ಉಳಿದಿದೆ. ತಮ್ಮ ಪರವಾನಗಿ ಆ ಸಂದಿನಲ್ಲೇ ನುಸುಳಿತು. ಪರೀಕ್ಷೆಗೆ ಕೂರುವ ಮೊದಲೇ ಫೇಲಾದೆನೆಂದು ಅಳುವ ಜಾತಿ ನನ್ನದು. ಈ ಕಾಗದವನ್ನೂ ನಾಲ್ಕು ಸಲ ಹರಿದು ಐದನೇ ಸಲ ಬರೆಯುತ್ತಿದ್ದೇನೆ.

ದಸರಾ ರಜೆಯಲ್ಲಿ ಶಾಲೆಯ ಗೋಡೆಗೆ ನೋಟೀಸು ಅಂಟಿತ್ತು, ತಕರಾರಿದ್ದವರು ಮೂವತ್ತು ದಿನದೊಳಗೆ ಬರೆದುಕೊಡಿ ಎಂದು. ಏಳೂ ಮನೆಯವರು ನಮ್ಮ ಜಗಲಿಯಲ್ಲಿ ಕೂತರು. ಅಜ್ಜ ಮೊಣ್ಣಪ್ಪನವರು, "ನಮ್ಮ ಕೂಸು ಇಂಗ್ಲಿಷ್ ಓದ್ಯುಟ್ಟು, ಅವ್ಳೇ ಬರಿಲಿ" ಎಂದರು. ಇಂಗ್ಲಿಷ್ ಓದಿದವಳು ಕನ್ನಡ ಯಾಕೆ ಬರೆಯಬೇಕು ಅಂತ ಯಾರಾದರೂ ಕೇಳಬಾರದಿತ್ತೇ? ಸಿಸ್ಟರ್ ಹೇಳಿಕೊಟ್ಟಿದ್ದ ಪ್ರೆಸಿ, ಅಂದರೆ ಸಾರಾಂಶ ಬರೆಯುವುದು, ನೆನಪಾಯಿತು. ಬ್ರೀಫ್ ಆಗಿರಬೇಕು, ದೊಡ್ಡವರಿಗೆ ಟೈಮಿಲ್ಲ. ಅಜ್ಜ ಹೇಳಿದ ಒಂದೂವರೆ ಗಂಟೆಯ ಮಾತನ್ನು ಮೂರು ವಾಕ್ಯಕ್ಕೆ ಇಳಿಸಿದೆ: "ಬಿಳಿಮಣ್ಣಿನ ಕೆಲಸದ ಬಗ್ಗೆ ನಮ್ಮೆಲ್ಲರದೂ ಒಂದೇ ಮಾತು, ತೋಡು ಬೇಕು. ತೋಡು ಇಲ್ಲದೆ ನಮಗೆ ಬದುಕಿಲ್ಲ. ತಾವು ತಡಮಾಡದೆ ಕ್ರಮ ಕೈಗೊಳ್ಳಬೇಕು." ಕೆಳಗೆ ಹನ್ನೊಂದು ರುಜು, ಎಂಟು ಹೆಬ್ಬೆಟ್ಟು. ಎಷ್ಟು ಚೆಂದ ಬಂತು ಅಂತ ನಾನೇ ಎರಡು ಸಲ ಓದಿಕೊಂಡೆ!

ಮಾನ್ಯರೇ, ಕೊಡಗಿನಲ್ಲಿ ತೋಡು ಎಂದರೆ ಹರಿಯುವ ಸಣ್ಣ ಹಳ್ಳ. ತಮ್ಮ ಬಯಲುಸೀಮೆಯಲ್ಲಿ ತೋಡು ಎಂದರೆ, ಅಗೆ. ನಮ್ಮನ್ನು ಮೈಸೂರು ರಾಜ್ಯಕ್ಕೆ ಸೇರಿಸಿ ಎರಡು ವರ್ಷವಾಯಿತು. ಊರು ಸೇರಿತು, ಕಂದಾಯ ಸೇರಿತು. ಪದಗಳನ್ನು ಸೇರಿಸಲು ಯಾರನ್ನೂ ನೇಮಿಸಲಿಲ್ಲವೇ?

ಹುತ್ತರಿ ಹಬ್ಬಕ್ಕೆ ಊರಿಗೆ ಹೋದವಳು, ಮನವಿ ಏನಾಯಿತೆಂದು ಕೇಳಲು ಚಿಕ್ಕಪ್ಪ ಬೋಜಪ್ಪನ ಜೊತೆ ತಮ್ಮ ಕಚೇರಿಗೂ ಬಂದೆ. ತಾವು ಕ್ಯಾಂಪಿನಲ್ಲಿದ್ದಿರಿ. ಗುಮಾಸ್ತ ಸಣ್ಣಸ್ವಾಮಿಯವರು ಫೈಲು ಬಿಚ್ಚಿ ನಮ್ಮ ಮನವಿಯ ಮೇಲಿನ ಟಿಪ್ಪಣಿ ಓದಿದರು: "ಗ್ರಾಮಸ್ಥರು ತೋಡುವುದನ್ನೇ ಜೀವನೋಪಾಯವೆಂದು ನಂಬಿ, ಕೆಲಸ ಬೇಗ ಆರಂಭಿಸಲು ಒಕ್ಕೊರಲಿನಿಂದ ಕೋರಿರುತ್ತಾರೆ. ತಕರಾರು ಇಲ್ಲ."

"ಅಯ್ಯೋ ಸಾರ್, ತೋಡು ಅಂದ್ರೆ ನೀರು!" ಎಂದೆ.

"ನೀರು ಅಂದ್ರೆ ನೀರು ಅಂತ ಬರೀಬೇಕಮ್ಮ. ತೋಡು ಬೇಕು ಅಂದ್ರಿ, ಸಾಹೇಬ್ರು ಕೊಟ್ರು. ಇಷ್ಟು ಬೇಗ ಯಾರ ಅರ್ಜೀನೂ ಪಾಸಾಗಿಲ್ಲ ನೋಡಿ, ನೀವೇ ಫಸ್ಟು."

ಚಿಕ್ಕಪ್ಪ ನಗೆ ತಡೆಯಲಾರದೆ ಹೊರಗೆ ಓಡಿದ. ನನಗೂ ನಗು ಬಂತು, ಅಳುವೂ ಬಂತು, ಎರಡೂ ಸೇರಿ ಬಿಕ್ಕಳಿಕೆ ಆಯಿತು. ಸಣ್ಣಸ್ವಾಮಿಯವರು ಹೂಜಿಯಿಂದ ನೀರು ಕೊಟ್ಟರು. ಕುಡಿಯುತ್ತಾ ಟಿಪ್ಪಣಿಯ ಕೆಳಗಿನ ಕಲಂ ನೋಡಿದೆ. ಸ್ಥಳ ಪರಿಶೀಲನೆ: ಆಗಿದೆ. ಸಮೀಪದ ಜಲಮೂಲ: ಇಲ್ಲ.

ಬಿಕ್ಕಳಿಕೆ ತಟ್ಟನೆ ನಿಂತಿತು. ಪದ ತಪ್ಪಾದದ್ದು ನನ್ನಿಂದ ಆಗಿರಲಿ, ಒಪ್ಪಿದೆ. ಆದರೆ ಈ "ಇಲ್ಲ" ಯಾರದು? ಪರಿಶೀಲನೆಗೆ ಬಂದ ತಮ್ಮ ಜೀಪು ಹೂತು ನಿಂತದ್ದು ಯಾವುದರಲ್ಲಿ? ಏಳು ಮನೆಯವರು "ಐಸಾ" ಎಂದು ದೂಡುವಾಗ ಮೊಣಕಾಲುದ್ದ ನೀರಿನಲ್ಲಿ ಪ್ಯಾಂಟು ಮಡಚಿ ನಿಂತವರು ಯಾರು? ಆಮೇಲೆ ನಮ್ಮ ಜಗಲಿಯಲ್ಲಿ ಕೂತು ಎರಡು ಚೆಂಬು ನೀರು ಕುಡಿದು, "ಇಂಥ ಸಿಹಿ ನೀರು ನಮ್ಮ ಕಡೆ ಇಲ್ಲ" ಎಂದವರು ಯಾರು? ಇಲ್ಲದ ಜಲಮೂಲದಲ್ಲಿ ಇಷ್ಟೆಲ್ಲ ಒದ್ದೆಯಾಗಲು ತಮಗೆ ಹೇಗೆ ಸಾಧ್ಯವಾಯಿತು?

ಹುತ್ತರಿಯ ಮಾರನೇ ಬೆಳಿಗ್ಗೆ ತಮ್ಮ ಪರವಾನಗಿ ಪಡೆದ ಕಂಪೆನಿಯವರು ಒಂದೇ ಒಂದು ತೊಟ್ಟಿ ನಡೆಸಿ ನೋಡಿದರು, ಟ್ರಯಲ್ಲಂತೆ. ಅರ್ಧ ದಿನ ತೋಡು ಬೆಳ್ಳಗೆ ಹರಿಯಿತು. ಏಡಿಗಳು ಪೌಡರು ಹಚ್ಚಿಕೊಂಡಂತೆ ಬಂಡೆ ಹತ್ತಿ ಕೂತವು. "ಹಾಲು ಹರೀತುಟ್ಟು" ಎಂದು ಮಕ್ಕಳು ಕುಣಿದರು. ಅಜ್ಜಿ ಕಮಲಮ್ಮ ಮಾತ್ರ, "ಎಂಥ ಹಾಲು ಗಡ! ಕರು ಮೂಸಿ ಹಿಂದೆ ಹೋತ್" ಎಂದರು. ಆ ನೀರನ್ನು ರಾತ್ರಿಯಿಡೀ ಇಟ್ಟು, ಬಟ್ಟೆಯಲ್ಲಿ ಎರಡು ಸಲ ಸೋಸಿದರೂ ಗಂಜಿಯಂತೆಯೇ ಇತ್ತು. ಇದು ಡಿಸೆಂಬರಿನ ಮಾತು. ಫೆಬ್ರವರಿಯಲ್ಲಿ ತೋಡು ಬೆರಳಿನಷ್ಟು ಸಣ್ಣದಾಗುತ್ತದೆ. ಆಗ ಎಂಟು ತೊಟ್ಟಿಯ ಮಣ್ಣು ಇಳಿದರೆ ಉಳಿಯುವುದು ನೀರಲ್ಲ, ಸುಣ್ಣ ಬಳಿದ ದಾರಿ.

ಅಜ್ಜನಿಗೆ ಇದನ್ನು ನಾನಾಗಲಿ ಚಿಕ್ಕಪ್ಪನಾಗಲಿ ಇನ್ನೂ ಹೇಳಿಲ್ಲ. "ಕೂಸಿನ ಕಾಗದ ಹೋಗ್ಯುಟ್ಟು, ಸರ್ಕಾರ ನೋಡ್ಕಂತ್" ಎಂದು ಅವರು ಏಳೂ ಮನೆಗೆ ಧೈರ್ಯ ಹೇಳುತ್ತಿದ್ದಾರೆ. ಪತ್ರಿಕೆ ನಮ್ಮೂರಿಗೆ ಮಾರನೇ ದಿನದ ಬಸ್ಸಿನಲ್ಲಿ ಬರುತ್ತದೆ. ಅಂದರೆ ತಮಗೆ ನನ್ನ ಅಜ್ಜನಿಗಿಂತ ಒಂದು ದಿನ ಹೆಚ್ಚಿದೆ. ಪರವಾನಗಿ ರದ್ದಾಯಿತೆಂದು ಅದರೊಳಗೆ ಒಂದು ತಂತಿ ಕಳಿಸಿ. ಅದಾಗದಿದ್ದರೆ ಜನವರಿ ಒಂದಕ್ಕೆ ಮೊದಲು ನಡೆದುಕೊಂಡೇ ಬನ್ನಿ, ತೋಡಿನಲ್ಲಿ ನಿಂತು, ಅಲ್ಲೇ ಆ ಕಲಮಿನ "ಇಲ್ಲ" ಎಂಬುದನ್ನು ಹೊಡೆದುಹಾಕಿ.

ಬರಲು ತಮಗೊಂದು ಸ್ವಂತ ಕಾರಣವೂ ಇದೆ. ಜೀಪು ದೂಡಿಸಿದ ದಿನ ತಾವು ಒಣಗಲು ಹಾಕಿದ್ದ ಎಡಗಾಲಿನ ಕಾಲುಚೀಲ ನಮ್ಮಲ್ಲೇ ಉಳಿದಿದೆ. ಸಾಹೇಬರದ್ದಲ್ಲವೇ ಎಂದು ಅಜ್ಜಿ ಅದನ್ನು ಹುತ್ತರಿಯ ಮಾರನೇ ದಿನ ಇನ್ನೊಮ್ಮೆ ಆ ಬೆಳ್ಳನೆಯ ತೋಡಿನಲ್ಲೇ ಒಗೆದರು. ಈಗ ಅದು ಒಣಗಿ, ಒಳಗೆ ಕಾಲಿಲ್ಲದೆ, ಜಗಲಿಯ ಮೇಲೆ ತಾನೇ ನೆಟ್ಟಗೆ ನಿಂತಿದೆ, ತಮ್ಮ ದಾರಿ ಕಾಯುತ್ತಾ.

ಇಂತಿ,
ತೋಡಿಗೆ ಬದಲು ಹಳ್ಳ ಎಂದು ಬರೆಯಲು ಹೊಳೆಯದ,
ಯಮುನ
(ಇದು ಕೂಡ ನಾಮಪದ)