ರಂಗನಾಥನ ಎಡಗಿವಿ

ತೋಟದ ಮನೆ, ತಿಪಟೂರು ತಾಲ್ಲೂಕು
12 ಮೇ 2024, ಭಾನುವಾರ

ಮಗನೇ ಯೋಗೀಶ,

ಹೇಗಿದ್ದೀಯಪ್ಪ? ನಿನ್ನ ಚಿಕ್ಕಮ್ಮ ಮೀನಾಕ್ಷಮ್ಮನ ಕೈ ಖಾರದಲ್ಲಿ ಧಾರಾಳ, ನಿನ್ನ ಎದೆಯುರಿ ಏನಾಗಿದೆಯೋ. ಮಜ್ಜಿಗೆ ಬಿಡಬೇಡ. ಹದಿನೇಳು ದಿನದಿಂದ ಫೋನ್ ಆಫ್ ಮಾಡಿಕೊಂಡು ಕೂತಿದ್ದೀಯ, ಅದಕ್ಕೇ ಈ ಕಾಗದ. ನಾವು ಆರೋಗ್ಯವಾಗಿದ್ದೇವೆ. ನಿಮ್ಮಪ್ಪ ಮಾತಾಡುವುದು ಹಸುಗಳ ಜೊತೆ ಮಾತ್ರ.

ನೀನು ಕೇಳದಿದ್ದರೂ ಹೇಳುತ್ತೇನೆ, ರಂಗನಾಥ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ. ಓಟಿನ ಹಿಂದಿನ ದಿನ ಬಸ್ ಸ್ಟ್ಯಾಂಡಿನಲ್ಲಿ ನಿಮ್ಮ ಪಕ್ಷದ ಬಾವುಟ ಮೇಲಿರಬೇಕೋ ಅವರದೋ ಎಂದು ಬಡಿದಾಡಿಕೊಂಡಿರಲ್ಲ, ಅವನ ಕಿವಿಗೆ ಬಿದ್ದ ಬಾವುಟದ ದೊಣ್ಣೆ ಯಾರ ಕೈಯಲ್ಲಿತ್ತು ಎಂದು ಊರಲ್ಲಿ ಯಾರಿಗೂ ಗೊತ್ತಿಲ್ಲವಂತೆ. ನಲವತ್ತು ಜನ ನಿಂತಿದ್ದರು. ಎಲ್ಲರೂ ಆ ಹೊತ್ತಿಗೆ ಬೇರೆ ಕಡೆ ನೋಡುತ್ತಿದ್ದರಂತೆ. ಪೊಲೀಸರು ಕೇಳಿದಾಗ ನಾನೂ ನೋಡಲಿಲ್ಲ ಅಂದುಬಿಟ್ಟೆ. ಎದುರಿನ ಅಂಗಡಿ ಜಗಲಿಯ ಮೇಲೆ ನಿಂತಿದ್ದವಳು ನಾನು! ನೆನೆದರೆ ನಾಚಿಕೆಯಾಗುತ್ತದೆ.

ಮೊನ್ನೆ ಅವರ ಮನೆಯಲ್ಲಿ ಅಟ್ಟದ ಕಾಯಿ ಸುಲಿಯುತ್ತಿದ್ದರು. ಪ್ರತಿ ವರ್ಷ ನಮ್ಮ ಮನೆಯದಕ್ಕೆ ಅವನು ಮುಯ್ಯಾಳಾಗಿ ಬರುವುದು, ಅವರ ಮನೆಯದಕ್ಕೆ ನೀನು ಹೋಗುವುದು. ಈ ಸಲ ನಿನ್ನ ಬದಲು ನಾನೇ ಹೊರಟೆ. ನಿಮ್ಮ ಪಕ್ಷದ ಬಸವರಾಜಪ್ಪ ದಾರಿಯಲ್ಲೇ ಅಡ್ಡ ನಿಂತು, ಹೋಗಬೇಡಿ ಅಂದರು. ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದೆ. ರಂಗನಾಥನ ಅಪ್ಪ ಬೋರಯ್ಯ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಕೂರಲು ಒಂದು ಮಣೆ ಸರಿಸಿದರು.

ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಡಗಡ ಅಂದರೆ ಸುಲಿಯಲು ಕೊಡುವುದು ಯಾವಾಗಲೂ ರಂಗನಾಥನ ಕೆಲಸ ತಾನೇ. ಅಭ್ಯಾಸಬಲದಿಂದ ಎಡಗಿವಿಗೇ ಹಿಡಿದು ಅಲ್ಲಾಡಿಸಿದ. ಮತ್ತೆ ಅಲ್ಲಾಡಿಸಿದ.

"ಈ ಕಿವೀಗೆ ಎಲ್ಲಾ ಕಾಯೂ ಹಸೀನೇ ಕಣವ್ವ" ಅಂದು ನಕ್ಕ.

ನಿನ್ನ ಹೆಸರೆತ್ತಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮನೆಗೆ ಬಂದು ಕೊಟ್ಟಿಗೆಯಲ್ಲಿ ಕೂತು ಅತ್ತುಬಿಟ್ಟೆ.

ಚಿಕ್ಕಮ್ಮನನ್ನು ಕೇಳಿದೆನೆಂದು ಹೇಳು. ಹೊತ್ತುಹೊತ್ತಿಗೆ ಉಣ್ಣು. ನಿನಗೆ ಒಳ್ಳೆಯದಾಗಲಿ ಮಗನೇ, ಒಳ್ಳೆಯ ಬುದ್ಧಿಯೂ ಬರಲಿ.

ನಿನ್ನ ಅಮ್ಮ,
ವಿಮಲಮ್ಮ

ವಿ.ಸೂ.: ಕಾಗದ ಒಯ್ಯಲು ಹಾಲಿನ ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ, ಅವತ್ತು ಸುಳ್ಳು ಹೇಳಿದೆ, ದೊಣ್ಣೆ ನನ್ನ ಮಗನ ಕೈಯಲ್ಲಿತ್ತು ಎಂದು ಬರೆಸಿ ಸಹಿ ಹಾಕಿ ಬಂದೆ. ಅವರು ಹುಡುಕಿಕೊಂಡು ಬರುವ ಮೊದಲು ನೀನೇ ಬಾ. ನಾಳೆ ಮೊದಲ ಬಸ್ಸಿಗೆ ನಮ್ಮೂರ ಬಸ್ ಸ್ಟ್ಯಾಂಡಿನಲ್ಲೇ ಕಾಯುತ್ತಿರುತ್ತೇನೆ. ಸ್ಟೇಷನ್ನಿಗೆ ನಾನೂ ಜೊತೆಗೆ ಬರುತ್ತೇನೆ. ಅದಕ್ಕೂ ಮೊದಲು ರಂಗನಾಥನ ಮನೆಗೆ ಹೋಗೋಣ. ಅವನ ಬಲಗಡೆ ಕೂತು ಮಾತಾಡು, ಅವನಿಗೆ ಕೇಳಿಸಬೇಕು.