ಅತ್ತೆ ತೊಳೆದ ಸೀಸೆ

ಹಲಸೂರು,
ಭಾನುವಾರ, 18ನೇ ಜೂನ್ 1944

ಇಂದುಮತಿಯ ಅಪ್ಪನವರಿಗೆ ಗೋವಿಂದಮ್ಮನ ನಮಸ್ಕಾರಗಳು.

ಮೊದಲು ಇದನ್ನು ಓದಿಬಿಡಿ: ನಿಮ್ಮ ತಾಯಿಗೆ ಏನೂ ಆಗಿಲ್ಲ. ಹಿತ್ತಲಲ್ಲಿ ಕೂತು ಸೊಪ್ಪು ಬಿಡಿಸುತ್ತ, ದಂಟು ಬಲಿತಿದೆ ಅಂತ ಸೊಪ್ಪಿನವಳನ್ನು ಬೈಯುತ್ತಿದ್ದಾರೆ. ದೂರದ ಪುಣೆಯಲ್ಲಿ ನೀವು ಗಾಬರಿಪಡಬಾರದೆಂದು ಇಷ್ಟು ದಿನ ಬರೆಯಲಿಲ್ಲ. ಇನ್ನು ನಿಧಾನವಾಗಿ ಹೇಳುತ್ತೇನೆ.

ಹೋದ ತಿಂಗಳಿಂದ ಅತ್ತೆಗೆ ಎಡ ಪಕ್ಕೆಯಲ್ಲಿ ನೋವಿತ್ತು. ಒಂದು ಬೆಳಿಗ್ಗೆ ಗೋಡೆ ಹಿಡಿದು ನಿಂತವರನ್ನು ನೋಡಿ, ಜಟಕಾ ಮಾಡಿಕೊಂಡು ನಾನು ಕೆಲಸ ಮಾಡುವ ಕ್ಲಿನಿಕ್ಕಿಗೇ ಕರೆದುಕೊಂಡು ಹೋದೆ. ಮೂತ್ರಪಿಂಡದಲ್ಲಿ ಕಲ್ಲಿರಬಹುದು, ಈ ವಯಸ್ಸಿಗೆ ಅದಕ್ಕಿಂತ ಕೆಟ್ಟದ್ದೂ ಇರಬಹುದು, ಮೂತ್ರದಲ್ಲಿ ರಕ್ತ ಕಂಡರೆ ದೊಡ್ಡಾಸ್ಪತ್ರೆಗೆ ಸೇರಿಸಲೇಬೇಕು ಎಂದರು ಡಾಕ್ಟರ್ ಮುಕ್ತಾರ್. ಅಲ್ಲಿಗೆ ಹಾಕಿದರೆ ವಾಪಸ್ಸು ನಾಲ್ಕು ಜನ ಹೊತ್ತುಕೊಂಡೇ ಬರಬೇಕು, ನಿನ್ನ ಮಾವ ಹೋಗಿದ್ದೂ ಹಂಗೇ ತಾನೇ ಎಂದು ಅತ್ತೆ ದಾರಿಯುದ್ದಕ್ಕೂ ಅತ್ತರು.

ಪರೀಕ್ಷೆ ಮಾಡುವವಳು ನಾನೇ ಎಂದು ತಿಳಿದ ಮೇಲೆ ಇನ್ನೊಂದು ರಂಪ. ಕಾನ್ವೆಂಟಲ್ಲಿ ಇಂಗ್ಲಿಷ್ ಕಲಿತು ಊರವರ ಉಚ್ಚೆ ನೋಡೋ ಭಾಗ್ಯ ಬಂತಲ್ಲೇ ಅಂತ ಅವರು ನನ್ನನ್ನು ಹಂಗಿಸುವುದು ನಿಮಗೆ ಗೊತ್ತೇ ಇದೆ. ಈಗ ನನ್ನದನ್ನೂ ನೋಡ್ತೀಯಾ, ಆಮೇಲೆ ನಿಂಗೆ ಹೆಂಗೆ ಮುಖ ತೋರ್ಸಲಿ ಎಂದು ಸೆರಗನ್ನು ಮುಖಕ್ಕೆ ಎಳೆದುಕೊಂಡರು. ನಾನು ನೋಡುವುದು ಬಣ್ಣವನ್ನು, ನಿಮ್ಮನ್ನಲ್ಲ ಎಂದೆ. ಮರುದಿನ ಬಾಗಿಲ ಬಳಿ ಸೀಸೆ ಸಿದ್ಧವಾಗಿತ್ತು, ಮಡಿಬಟ್ಟೆ ಸುತ್ತಿಕೊಂಡು, ಮದುವೆಮನೆಯ ತಾಂಬೂಲದ ಹಾಗೆ.

ಬೆಂಜಿಡಿನ್ ಎಂಬ ಔಷಧಿಗೆ ಮೂತ್ರ ಬೆರೆಸಿ ಕೊನೆಯಲ್ಲಿ ಪೆರಾಕ್ಸೈಡ್ ಹನಿಸುತ್ತೇವೆ. ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ಆಗ ನೀಲಿಯಾಗುತ್ತದೆ. ಅತ್ತೆಯದು ನೀಲಿಯಾಯಿತು, ಇಂದುಮತಿಯ ಸ್ಕೂಲಿನ ಶಾಯಿಯ ಹಾಗೆ. ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ನಿಮಗೆ ತಂತಿ ಕೊಡುವುದೇ, ಯುದ್ಧದ ಈ ದಿನಗಳಲ್ಲಿ ನಿಮಗೆ ರಜೆ ಸಿಕ್ಕೀತೇ, ಅವರಿಗೆ ಯಾವ ಬಾಯಲ್ಲಿ ಹೇಳಲಿ ಎಂದುಕೊಳ್ಳುತ್ತ, ಪೆರಾಕ್ಸೈಡನ್ನು ಕಪಾಟಿಗೆ ಸೇರಿಸಲು ಕೈಗೆತ್ತಿಕೊಂಡೆ. ಅದರ ಬಿರಡೆಯನ್ನು ನಾನಿನ್ನೂ ತೆಗೆದೇ ಇರಲಿಲ್ಲ!

ರಕ್ತವಾಗಿದ್ದರೆ ಪೆರಾಕ್ಸೈಡ್ ಬೀಳದೆ ನೀಲಿಯಾಗುವುದಿಲ್ಲ. ಸೀಸೆಯನ್ನು ಮೂಗಿಗೆ ಹಿಡಿದೆ. ಬ್ಲೀಚಿಂಗ್ ಪೌಡರಿನ ಘಾಟು. ಕಾಲರಾ ಭಯಕ್ಕೆ ಚರಂಡಿಗೆ ಹಾಕಲೆಂದು ಮುನಿಸಿಪಾಲಿಟಿಯವರು ಮನೆಮನೆಗೆ ಕೊಟ್ಟಿದ್ದರಲ್ಲ, ಅದೇ. ಅದು ತಾಗಿದರೆ ರಕ್ತವಿಲ್ಲದೆಯೂ ಬೆಂಜಿಡಿನ್ ನೀಲಿಯಾಗುತ್ತದೆ. ಸಂಜೆ ಕೇಳಿದರೆ, ಸೊಸೆ ಕೈಗೆ ಗಲೀಜು ಸೀಸೆ ಕೊಡಕ್ಕಾಗುತ್ತೇನೇ, ಚೆನ್ನಾಗಿ ಉಜ್ಜಿ ಉಜ್ಜಿ ತೊಳ್ದಿದೀನಿ ಎಂದು ಹೆಮ್ಮೆಪಟ್ಟರು. ಬಿಸಿನೀರಲ್ಲಿ ನಾನೇ ತೊಳೆದ ಸೀಸೆ ಕೊಟ್ಟು ಮತ್ತೆ ಪರೀಕ್ಷಿಸಿದೆ. ಬಣ್ಣ ತಿರುಗಲಿಲ್ಲ. ಸೂಕ್ಷ್ಮದರ್ಶಕದಲ್ಲೂ ಒಂದು ರಕ್ತಕಣ ಕಾಣಲಿಲ್ಲ. ಇದು ಬರೀ ಉಳುಕು, ಭಾರ ಎತ್ತಬೇಡಿ ಎಂದರು ಡಾಕ್ಟರು. ಯಾವ ಭಾರ, ನಾನೇನು ಕೂಲಿಯವಳಾ ಎಂದು ಅತ್ತೆ ಅವರನ್ನೇ ದಬಾಯಿಸಿದರು.

ಒಂದು ಪ್ರಶ್ನೆ ಮಾತ್ರ ನನ್ನನ್ನು ಬಿಡುತ್ತಿಲ್ಲ. ಅದು ಬೇರೆ ಯಾರದೋ ಸೀಸೆಯಾಗಿದ್ದರೆ ನಾನು ಹಾಗೆ ಕೂತುಬಿಡುತ್ತಿದ್ದೆನೇ? ರಕ್ತವಿದೆ ಎಂದು ಬರೆದು ಮುಂದಿನ ಸೀಸೆಗೆ ಕೈ ಹಾಕುತ್ತಿದ್ದೆನೋ ಏನೋ. ಇನ್ನುಮೇಲೆ ಸೀಸೆಯನ್ನು ಕ್ಲಿನಿಕ್ಕಿನಿಂದಲೇ ಕೊಡಬೇಕೆಂದು ಡಾಕ್ಟರನ್ನು ಒಪ್ಪಿಸಿದ್ದೇನೆ. ಅಷ್ಟರಮಟ್ಟಿಗೆ ಮನಸ್ಸು ಹಗುರವಾಗಿದೆ. ಅತ್ತೆಯೂ ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರೆ.

ಇತಿ ನಿಮ್ಮ
ಗೋವಿಂದಮ್ಮ

ತಾ.ಕ.: ಕಾಗದ ಮಡಿಸುವ ಮೊದಲು ಅಂಗಡಿಗೆ ಹೋಗಿದ್ದೆ. ನಮ್ಮ ಮನೆಗೆ ನೀರು ಹೊರುವ ಮುನಿಶಾಮಮ್ಮ ಸಿಕ್ಕಳು. ನನ್ನ ಬಿಡಿಸಿ ಇಷ್ಟು ದಿನ ಆಯ್ತಲ್ಲಮ್ಮ, ನಿಮ್ಮತ್ತೆಗೆ ಇನ್ನೂ ಕೋಪ ಇಳೀಲಿಲ್ವಾ ಎಂದಳು. ನನಗೆ ತಲೆಬುಡ ತಿಳಿಯಲಿಲ್ಲ. ಬಾವಿಕಟ್ಟೆಯಲ್ಲಿ ಅವಳು ನನ್ನ ಕೆಲಸವನ್ನು ಆಡಿಕೊಂಡು ನಕ್ಕಳಂತೆ. ನನ್ ಸೊಸೇನ ನಾನು ಅಂತೀನಿ, ನೀನ್ಯಾವಳೇ ಅನ್ನೋಕೆ ಎಂದು ಅತ್ತೆ ಅವಳ ಕೈಯಿಂದ ಕೊಡ ಕಿತ್ತುಕೊಂಡರಂತೆ. ಅವತ್ತಿನಿಂದ ನಾನು ಏಳುವ ಮೊದಲೇ ಹಂಡೆ ತುಂಬಿಸುತ್ತಿರುವವರು ಅತ್ತೆಯೇ. ನಿಮ್ಮ ಕಾಗದ ಬಂದ ಕೂಡಲೇ ಬರಲು ಮುನಿಶಾಮಮ್ಮನಿಗೆ ಹೇಳಿದ್ದೇನೆ; ಅಲ್ಲಿಯವರೆಗೆ ಅತ್ತೆಗಿಂತ ಮೊದಲೇ ಎದ್ದು ನಾನೇ ಹಂಡೆ ತುಂಬಿಸುತ್ತೇನೆ. ಡಾಕ್ಟರು ಭಾರ ಎತ್ತಬೇಡಿ ಎಂದಿದ್ದಾರಂತೆ, ನೀರನ್ನು ಮುನಿಶಾಮಮ್ಮನೇ ಹೊರಲಿ ಎಂದು ನೀವೇ ನಿಮ್ಮ ತಾಯಿಗೆ ಒಂದು ಸಾಲು ಬರೆಯಿರಿ. ವಿಷಯ ನನಗೆ ಗೊತ್ತಾಗಿದೆ ಎಂದು ಮಾತ್ರ ಬರೆಯಬೇಡಿ.